ಮೋರ್ಸನ ಮೌನಕ್ಕೆ ಲೆಕ್ಕ ಕೇಳುವವರು

ಒಬ್ಬ ಮನುಷ್ಯ ತನಗೆ ತಂದೆಯಂತಿದ್ದವನ ಹೆಸರನ್ನು ಮುಂದೆ ಬದುಕಿರುವವರೆಗೂ ಒಮ್ಮೆಯಾದರೂ ಎತ್ತಲಿಲ್ಲ. ಏಕೆ? ಇಂಗ್ಲೆಂಡಿನ ದೂರದರ್ಶನ ಪ್ರೇಕ್ಷಕರು 2012ರಿಂದ 2023ರ ವರೆಗೆ ಬಿಡದೆ ಕೇಳಿದ ಪ್ರಶ್ನೆ ಇದು. ಪ್ರಶ್ನೆಯೇನೋ ಒಳ್ಳೆಯದೇ. ಆದರೆ ಅದನ್ನು ಕೇಳಿದ ಧಾಟಿ ರಸಿಕರದಾಗಿರಲಿಲ್ಲ. ಜಮಾಖರ್ಚಿನ ಪುಸ್ತಕ ತಿರುವಿಹಾಕುವ ಗುಮಾಸ್ತರದಾಗಿತ್ತು. ಅವರ ಒತ್ತಾಯಕ್ಕೆ ಕಡೆಗೆ ಕಥೆ ಹೇಳುವವನೂ ಮಣಿದ. ನನ್ನ ತಕರಾರು ಇರುವುದು ಇಲ್ಲಿ.

ವಿಷಯ ತಿಳಿಯದ ವಾಚಕರಿಗಾಗಿ ಹಿನ್ನೆಲೆಯನ್ನು ಹೇಳಬೇಕು. ಕಾಲಿನ್ ಡೆಕ್ಸ್‌ಟರ್ ಎಂಬ ಲೇಖಕರು 1975ರಿಂದ 1999ರ ವರೆಗೆ ಬರೆದ 13 ಕಾದಂಬರಿಗಳ ನಾಯಕ ಮೋರ್ಸ್. ಆಕ್ಸ್‌ಫರ್ಡಿನಲ್ಲಿ ಪೋಲೀಸ್ ಅಧಿಕಾರಿ, ಒಂಟಿಗ, ಪದಬಂಧ ಬಿಡಿಸುವುದು, ವಾಗ್ನರನ ಸಂಗೀತ ಕೇಳುವುದು, ಬಿಯರು ಕುಡಿಯುವುದು ಇವು ಅವನ ವ್ಯಸನಗಳು. 1987ರ ಜನವರಿಯಲ್ಲಿ ಐಟಿವಿ ಸಂಸ್ಥೆ ಇವನನ್ನು ತೆರೆಗೆ ತಂದಿತು. ಜಾನ್ ಥಾ ಎಂಬ ನಟರು ಮೋರ್ಸನಾದರು. 2000ದ ನವೆಂಬರಿನಲ್ಲಿ ಮೋರ್ಸ್ ಸಾಯುವ ಹೊತ್ತಿಗೆ 33 ಕಂತುಗಳಾಗಿದ್ದವು. 2002ರಲ್ಲಿ ಥಾ ಅವರೂ ತೀರಿಕೊಂಡರು. ಆಮೇಲೆ ಮೋರ್ಸನ ಸಹಾಯಕ ಲೂಯಿಸನನ್ನೇ ನಾಯಕನನ್ನಾಗಿ ಮಾಡಿ ಇನ್ನೊಂದು ಮಾಲೆ ನಡೆಯಿತು, ಅದು ಹಾಗಿರಲಿ. 2012ರ ಜನವರಿ 2ರಂದು ಬಂದದ್ದು ಪೂರ್ವಕಥೆ. ಅದರ ಹೆಸರು 'ಎಂಡೆವರ್'. ಕಾಲ 1965, ಮೋರ್ಸ್ ಇನ್ನೂ ಎಳೆಯ ಪೇದೆ. ಪಾತ್ರ ಷಾನ್ ಇವಾನ್ಸ್ ಅವರದು. ಅವನನ್ನು ಕೈಹಿಡಿದು ನಡೆಸುವ ಹಿರಿಯ ಅಧಿಕಾರಿ ಫ್ರೆಡ್ ಥರ್ಸ್‌ಡೇ. ಪಾತ್ರ ರೋಜರ್ ಆಲಂ ಅವರದು. 36 ಕಂತುಗಳನ್ನೂ ಬರೆದವರು ರಸೆಲ್ ಲೂಯಿಸ್ ಒಬ್ಬರೇ. (ಕಥೆಯೊಳಗಿನ ಲೂಯಿಸನಿಗೂ ಇವರಿಗೂ ಹೆಸರಿನ ಸಂಬಂಧವಷ್ಟೆ.)

ಮೊದಲು ಜನ ಅನುಮಾನದಿಂದಲೇ ನೋಡಿದರು. ಥಾ ಅವರ ಮುಖವಲ್ಲದ ಮುಖಕ್ಕೆ ಮೋರ್ಸ್ ಎಂಬ ಹೆಸರು ಹೇಗೆ ಒಪ್ಪೀತು? ಆದರೆ ಮೊದಲ ಕಂತಿನ ಕೊನೆಯಲ್ಲಿ, ಇನ್ನು 20 ವರ್ಷಕ್ಕೆ ನೀನು ಎಲ್ಲಿರುತ್ತೀಯೋ ಎಂಬರ್ಥದ ಮಾತನ್ನು ಥರ್ಸ್‌ಡೇ ಆಡಿದಾಗ, ಹುಡುಗ ಕಾರಿನ ಕನ್ನಡಿಯನ್ನು ನೋಡುತ್ತಾನೆ. ಅಲ್ಲಿ ಅವನನ್ನು ತಿರುಗಿ ನೋಡುವ ಕಣ್ಣುಗಳು ಜಾನ್ ಥಾ ಅವರವು. ಅದರೊಡನೆ ಬ್ಯಾರಿಂಗ್ಟನ್ ಫೆಲಂಗ್ ಅವರ ಹಳೆಯ ರಾಗ ಏಳುತ್ತದೆ. ಅಲ್ಲಿಗೆ ಅನುಮಾನದ ಬಹುಪಾಲು ಕರಗಿತು. ಪತ್ರಿಕೆಯ ಸಂಪಾದಕಿಯ ಪಾತ್ರದಲ್ಲಿ ಥಾ ಅವರ ಮಗಳು ಅಬಿಗೈಲ್ ಥಾ ಅವರೇ ಬಂದು, ಈ ಹುಡುಗನನ್ನು ಎಲ್ಲೋ ನೋಡಿದ್ದೇನಲ್ಲ ಎಂಬ ಭಾವದಲ್ಲಿ ಅವನನ್ನು ಮಾತಾಡಿಸುತ್ತಾರೆ. ಪ್ರೀತಿಯಿಂದ ಮಾಡಿದ ಕೆಲಸವೆಂದು ನೋಡಿದವರಿಗೆ ತಿಳಿಯಿತು.

ತಿಳಿದ ಮೇಲೂ ಆಕ್ಷೇಪಣೆಗಳು ನಿಲ್ಲಲಿಲ್ಲ. ಮೊಟ್ಟಮೊದಲನೆಯದು ಎಲ್ಲ ಪೂರ್ವಕಥೆಗಳ ಮೇಲೂ ಹೊರಿಸುವಂಥದು: ನಾಯಕ ಸಾಯುವುದಿಲ್ಲವೆಂದು ಗೊತ್ತಿದೆಯಲ್ಲ, ಇನ್ನು ಕುತೂಹಲವೆಲ್ಲಿ? ಅವನಿಗೆ ಗುಂಡೇಟು ಬೀಳಲಿ, ಅವನನ್ನು ಸೆರೆಮನೆಗೆ ನೂಕಲಿ, 1987ರಲ್ಲಿ ಕೆಂಪು ಜಾಗ್ವಾರ್ ಕಾರಿನಲ್ಲಿ ಬಂದು ಇಳಿಯಲೇಬೇಕಾದವನಿಗೆ ಭಯವೇನು?

ಹೀಗೆನ್ನುವವರು ಕಥೆಯನ್ನು ಕುದುರೆಜೂಜು ಎಂದು ತಿಳಿದಿದ್ದಾರೆ. ಗೆದ್ದ ಕುದುರೆ ಯಾವುದೆಂದು ಗೊತ್ತಾದ ಕೂಡಲೆ ಅವರಿಗೆ ಮೈದಾನದಲ್ಲಿ ಕೆಲಸವಿಲ್ಲ. ನಮ್ಮ ಕಡೆ ಗಮಕಿಗಳು ಕರ್ಣಪರ್ವವನ್ನು ಓದುವಾಗ, ಈ ಸಲವಾದರೂ ಕರ್ಣ ಬದುಕಿಕೊಂಡಾನು ಎಂಬ ಆಸೆಯಿಂದ ಯಾರೂ ಜಮಖಾನದ ಮೇಲೆ ಕೂತಿರುವುದಿಲ್ಲ. ಗೊತ್ತಿದ್ದೂ ಕೇಳುತ್ತಾರೆ, ಗೊತ್ತಿರುವುದರಿಂದಲೇ ಕಣ್ಣೊರೆಸಿಕೊಳ್ಳುತ್ತಾರೆ. ಪೂರ್ವಕಥೆಯ ರಸ ಇರುವುದೂ ಅಲ್ಲಿಯೇ.

ಆ ಮೊದಲ ಕಂತಿನಲ್ಲೇ ಒಂದು ಸಣ್ಣ ಘಟನೆಯಿದೆ. ಎಳೆಯ ಮೋರ್ಸ್ ಕುಡಿಯುವವನಲ್ಲ. ಶವವನ್ನು ಕಂಡು ತಲೆತಿರುಗಿ ಬಸವಳಿದವನನ್ನು ಥರ್ಸ್‌ಡೇ ಪಾನಗೃಹಕ್ಕೆ ಕರೆದೊಯ್ದು ಒಂದು ಗ್ಲಾಸು ಬಿಯರು ಕುಡಿಸುತ್ತಾನೆ. ಅಷ್ಟೆ. ಮುಂದಿನ ಕಥೆ ತಿಳಿಯದವನಿಗೆ ಇದು ಹಿರಿಯನೊಬ್ಬ ಕಿರಿಯನಿಗೆ ತೋರಿದ ದಯೆ. ತಿಳಿದವನಿಗೆ? ಈ ಹುಡುಗ ಇನ್ನು ಜೀವಮಾನವೆಲ್ಲ ಕುಡಿಯುತ್ತಾನೆ. ಕುಡಿತದಿಂದ ದೇಹ ಕೆಡುತ್ತದೆ. 2000ದ ನವೆಂಬರಿನಲ್ಲಿ ಆಕ್ಸ್‌ಫರ್ಡಿನ ಹುಲ್ಲಿನ ಮೇಲೆ ಕುಸಿದು ಬೀಳುತ್ತಾನೆ. ಮೊದಲ ಗ್ಲಾಸನ್ನು ಮುಂದೆ ತಳ್ಳಿದ ಕೈ ಶತ್ರುವಿನದಲ್ಲ. ಅವನನ್ನು ಎಲ್ಲರಿಗಿಂತ ಹೆಚ್ಚಾಗಿ ಪ್ರೀತಿಸಿದವನದು. ಥರ್ಸ್‌ಡೇಗೆ ಇದು ತಿಳಿಯದು, ಮೋರ್ಸ್‌ಗೂ ತಿಳಿಯದು. ನೋಡುವ ನಮಗೆ ಮಾತ್ರ ತಿಳಿದಿದೆ. ಕೊಲೆಗಾರ ಯಾರೆಂಬ ಕುತೂಹಲವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಈ ಒಂದು ಗ್ಲಾಸನ್ನು ಇನ್ನೊಂದರಲ್ಲಿಟ್ಟರೆ ಯಾವುದು ಕೆಳಗಿಳಿಯುತ್ತದೆಂದು ಆಕ್ಷೇಪಿಸುವವರೇ ನೋಡಿಕೊಳ್ಳಲಿ.

ಇನ್ನೊಂದು ಆಕ್ಷೇಪಣೆ ಹೊಂದಿಕೆಯದು. ಅಲ್ಲಿ ಹಾಗಿತ್ತು, ಇಲ್ಲಿ ಹೀಗಿದೆ. 2019ರ ಕಂತುಗಳಲ್ಲಿ ಮೋರ್ಸ್ ಮೀಸೆ ಬಿಟ್ಟದ್ದಕ್ಕೂ ಗೊಣಗಾಟವಾಯಿತು. ಮೀಸೆಯೊಂದು ಬೆಳೆಯುವುದಕ್ಕೂ ಹೋಗುವುದಕ್ಕೂ ಮೂಲಗ್ರಂಥದ ಆಧಾರ ಬೇಕೆಂದು ನನಗೆ ತಿಳಿದಿರಲಿಲ್ಲ. ಇವರು ಮೂಲ ಮೂಲ ಎನ್ನುವ 1987ರ ಮಾಲೆ ತಾನೇ ಎಷ್ಟು ಮೂಲನಿಷ್ಠವಾಗಿತ್ತು? ಕಾದಂಬರಿಯ ಮೋರ್ಸ್ ಲಾನ್ಸಿಯಾ ಕಾರಿನಲ್ಲಿ ಓಡಾಡುತ್ತಿದ್ದ. ದೂರದರ್ಶನದವರು ಅವನನ್ನು ಜಾಗ್ವಾರಿನಲ್ಲಿ ಕೂರಿಸಿದರು. ಕಾದಂಬರಿಯ ಲೂಯಿಸ್ ವೇಲ್ಸ್ ಸೀಮೆಯವನು, ನಡುವಯಸ್ಸು ದಾಟಿದವನು. ತೆರೆಯ ಮೇಲೆ ಅವನು ಉತ್ತರ ಇಂಗ್ಲೆಂಡಿನ ಯುವಕನಾದ. ಡೆಕ್ಸ್‌ಟರ್ ಸಿಟ್ಟಾದರೆ? ಇಲ್ಲ, ಮುಂದಿನ ಕಾದಂಬರಿಗಳಲ್ಲಿ ತಾವೇ ಮೋರ್ಸ್‌ಗೆ ಜಾಗ್ವಾರ್ ಕೊಟ್ಟರು. ಕರ್ತೃವೇ ಇಷ್ಟು ಹಗುರಾಗಿ ತೆಗೆದುಕೊಂಡದ್ದನ್ನು ಪ್ರೇಕ್ಷಕರು ವೇದವಾಕ್ಯವೆಂದು ಕಾಯುತ್ತಿದ್ದಾರೆ. 2016ರ ಒಂದು ಕಂತಿನಲ್ಲಿ ಆಕ್ಸ್‌ಫರ್ಡಿನ ಸುತ್ತ ಹುಲಿಯೊಂದು ಜನರನ್ನು ಕೊಲ್ಲುತ್ತ ತಿರುಗುತ್ತದೆ. ಆ ಹುಲಿಯನ್ನು ಇಡಿಯಾಗಿ ನುಂಗಿ ಅರಗಿಸಿಕೊಂಡವರಿಗೆ ಮೀಸೆಯ ಕೂದಲು ಗಂಟಲಿಗೆ ಸಿಕ್ಕಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮೂಲದ 33 ಕಂತುಗಳಲ್ಲಿ ಥರ್ಸ್‌ಡೇ ಎಂಬ ಹೆಸರೇ ಇಲ್ಲ. ಇದಕ್ಕೆ ನಿಜವಾದ ಕಾರಣ ಮಗುವಿಗೂ ಗೊತ್ತು: 1987ರಲ್ಲಿ ಆ ಪಾತ್ರವನ್ನು ಯಾರೂ ಹುಟ್ಟಿಸಿರಲಿಲ್ಲ. ಆದರೂ ಕಥೆಯೊಳಗೆ ಕಾರಣ ಬೇಕೆಂದು ಹಟ. ಆ ಹಟದ ಹಿಂದೆ ಒಂದು ಲೆಕ್ಕಾಚಾರವಿದೆ: ಮುಂದಿನ ಕಥೆಯಲ್ಲಿ ಯಾರ ಹೆಸರಿಲ್ಲವೋ ಅವರು ಹಿಂದಿನ ಕಥೆಯಲ್ಲಿ ಸತ್ತಿರಬೇಕು, ಇಲ್ಲವೆ ಹೇಳಬಾರದ ಪಾಪ ಮಾಡಿರಬೇಕು. ಅಮೆರಿಕದ 'ಬ್ರೇಕಿಂಗ್ ಬ್ಯಾಡ್' ಎಂಬ ಅಪರಾಧಕಥೆಗೆ 2015ರಿಂದ 2022ರ ವರೆಗೆ 'ಬೆಟರ್ ಕಾಲ್ ಸಾಲ್' ಎಂಬ ಪೂರ್ವಕಥೆ ಬಂತಷ್ಟೆ, ಅಲ್ಲಿಯೂ ಇದೇ. ವಕೀಲೆ ಕಿಮ್ ವೆಕ್ಸ್‌ಲರ್ ಮೂಲದಲ್ಲಿ ಇಲ್ಲ. ಆದ್ದರಿಂದ ಅವಳ ಸಾವು ಖಂಡಿತವೆಂದು ಎಷ್ಟೋ ಪ್ರೇಕ್ಷಕರು ವರ್ಷಗಟ್ಟಲೆ ಅವಳ ತಿಥಿಗೆ ದಿನ ನೋಡುತ್ತಿದ್ದರು. ಬರೆದವರು ಅವಳನ್ನು ಕೊಲ್ಲಲಿಲ್ಲ. ಫ್ಲಾರಿಡಾದಲ್ಲಿ, ತೋಟಕ್ಕೆ ನೀರು ಸಿಂಪಡಿಸುವ ಸಲಕರಣೆ ಮಾರುವ ಒಂದು ಕಛೇರಿಯಲ್ಲಿ, ಬಣ್ಣಗೆಟ್ಟ ಬದುಕು ಬದುಕುತ್ತಿರುವಂತೆ ತೋರಿಸಿದರು. ಲೆಕ್ಕದವರ ಎಣಿಕೆ ತಪ್ಪಿತು, ಕಥೆ ಗೆದ್ದಿತು.

ಅದೇ ಜನ ಬಿಟ್ಟಸ್ಥಳವನ್ನು ತುಂಬುವ ಜಾಣ್ಮೆಯನ್ನೂ ತೋರಿಸಿದ್ದಾರೆ. ಮೂಲದ 2009ರ ಒಂದು ಕಂತಿನಲ್ಲಿ ವಕೀಲ ಸಾಲ್‌ನನ್ನು ಮರುಭೂಮಿಗೆ ಎಳೆದೊಯ್ದಾಗ ಪ್ರಾಣಭಯದಿಂದ ಅವನು ಎರಡು ಹೆಸರುಗಳನ್ನು ಕಿರಿಚುತ್ತಾನೆ: ಇಗ್ನಾಸಿಯೊ, ಲಾಲೊ. ಯಾರು ಇವರು? ಆಗ ಯಾರಿಗೂ ಗೊತ್ತಿರಲಿಲ್ಲ. ಆ ಎರಡು ಹೆಸರುಗಳಿಂದ ಪೂರ್ವಕಥೆಯವರು ಎರಡು ತುಂಬು ಮನುಷ್ಯರನ್ನು ಎಬ್ಬಿಸಿ ನಿಲ್ಲಿಸಿದರು. ಅದು ಸೃಷ್ಟಿ. ಪ್ರೇಕ್ಷಕ ಬಾಕಿ ಕೇಳಿದನೆಂದು ತೀರಿಸಿದ್ದಲ್ಲ.

'ಎಂಡೆವರ್' ಮಾಲೆಯ ಕೊನೆಯ ಕಂತು 2023ರ ಮಾರ್ಚಿಯಲ್ಲಿ ಬಂತು. ಅದರಲ್ಲಿ ಬಾಕಿಯನ್ನು ತೀರಿಸಿದರು. ಥರ್ಸ್‌ಡೇ ಒಬ್ಬನನ್ನು ಕೊಂದದ್ದು ಮೋರ್ಸ್‌ಗೆ ತಿಳಿಯುತ್ತದೆ. ಮೋರ್ಸ್ ಅದನ್ನು ಹೊರಗೆಡಹುವುದಿಲ್ಲ. ಇಬ್ಬರೂ ಅಗಲುತ್ತಾರೆ, ಇನ್ನು ಆ ಹೆಸರು ಅವನ ಬಾಯಲ್ಲಿ ಬರುವಂತಿಲ್ಲ. ಬೀಗಕ್ಕೆ ಕೀಲಿಕೈ ಸರಿಯಾಗಿ ಕೂತಿತು. ಹನ್ನೊಂದು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಬಹಳ ಮಂದಿ ಸಂತೋಷಪಟ್ಟರು. ಅಗಲಿಕೆಯ ದೃಶ್ಯವನ್ನು ಇಬ್ಬರು ನಟರೂ ಬಹು ಚೆನ್ನಾಗಿ ಅಭಿನಯಿಸಿದ್ದಾರೆ. ಅದನ್ನು ಅಲ್ಲಗಳೆಯುವಷ್ಟು ಕಟುಕ ನಾನಲ್ಲ. ಆದರೆ ಉತ್ತರ ಅಗ್ಗದ್ದು.

ಏಕೆಂದರೆ ಮೋರ್ಸ್ ಎಂಥವನೆಂಬುದನ್ನು ಉತ್ತರ ಕೊಟ್ಟವರೂ ಕೇಳಿದವರೂ ಮರೆತರು. ಇವನು ತನ್ನ ಸ್ವಂತ ಹೆಸರನ್ನೇ ಯಾರಿಗೂ ಹೇಳದಿದ್ದವನು! ಕ್ವೇಕರ್ ಪಂಥದ ತಾಯಿ, ಕ್ಯಾಪ್ಟನ್ ಕುಕ್ಕನ ಹಡಗಿನ ಮೇಲೆ ಒಲವಿದ್ದ ತಂದೆ, ಇಬ್ಬರೂ ಸೇರಿ ಇಟ್ಟ ಎಂಡೆವರ್ ಎಂಬ ಹೆಸರನ್ನು ನುಂಗಿಕೊಂಡು, ದಿನವೂ ಜೊತೆಯಲ್ಲಿ ದುಡಿಯುವ ಲೂಯಿಸನಿಂದಲೂ ಮುಚ್ಚಿಟ್ಟವನು. 1987ರಲ್ಲಿ ಶುರುವಾದ ಮಾಲೆಯಲ್ಲಿ ಆ ಹೆಸರು ಹೊರಬಿದ್ದದ್ದು 1997ರಲ್ಲಿ. ಹತ್ತು ವರ್ಷ! ಲೂಯಿಸನಿಗಾದರೂ ಎದುರಿಗೆ ನಿಂತು ಒಂದು ಒಳ್ಳೆಯ ಮಾತು ಹೇಳಿದನೆ? ಸಾಯುವ ಹೊತ್ತಿನಲ್ಲಿ, ನನ್ನ ಪರವಾಗಿ ಅವನಿಗೆ ಕೃತಜ್ಞತೆ ತಿಳಿಸಿ ಎಂದು ಬೇರೆಯವರಿಗೆ ಹೇಳಿಹೋದ. ಇಂಥವನು ತನ್ನ ಬಾಳಿನಲ್ಲಿ ಅತ್ಯಂತ ಹತ್ತಿರವಾಗಿದ್ದವನ ಮಾತನ್ನು ಎತ್ತದಿರುವುದಕ್ಕೆ ಒಂದು ಹೆಣ ಬೀಳಬೇಕೆ? ಎತ್ತಿದ್ದರೆ ಅಲ್ಲವೆ ಆಶ್ಚರ್ಯಪಡಬೇಕಾದದ್ದು! ನಮ್ಮ ಮನೆಗಳಲ್ಲೇ ನೋಡಿ: ತೀರಿಹೋದ ಅಣ್ಣನ ಹೆಸರನ್ನು ನಲವತ್ತು ವರ್ಷ ಬಾಯಿಗೆ ತರದ ಅಜ್ಜಂದಿರು ಇದ್ದಾರೆ. ಏನು ತಕ್ಸೀರು ನಡೆದಿತ್ತೆಂದು ಪೋಲೀಸರನ್ನು ಕರೆಸುತ್ತೇವೆಯೆ?

ಆ ಮೌನಕ್ಕೆ ಕಾರಣ ಕೊಡದೆ ಬಿಟ್ಟಿದ್ದರೆ ಅದು ಮೋರ್ಸನ ಸ್ವಭಾವವಾಗಿ ಉಳಿಯುತ್ತಿತ್ತು. ಪ್ರೀತಿಯೋ ನಾಚಿಕೆಯೋ ದುಃಖವೋ ಎಂದು ನೋಡಿದವರು ಅವರವರೇ ಯೋಚಿಸಿಕೊಳ್ಳುತ್ತಿದ್ದರು. ಕಾರಣ ಕೊಟ್ಟ ಮೇಲೆ ಅದು ಬರಿಯ ಗುಟ್ಟು ಕಾಯುವ ಕೆಲಸವಾಯಿತು. ಅದಕ್ಕೂ ಕೆಟ್ಟದ್ದು, 33 ಕಂತುಗಳನ್ನು ಇನ್ನು ನೋಡುವವನಿಗೆ ಥಾ ಅವರ ಆ ಮೋರ್ಸ್ ಒಂದು ಕೊಲೆಯನ್ನು ಮುಚ್ಚಿಟ್ಟುಕೊಂಡು ಬೇರೆ ಕೊಲೆಗಾರರಿಗೆ ಬೇಡಿ ತೊಡಿಸುತ್ತಿರುವ ಅಧಿಕಾರಿ. ಥಾ ಈ ಪಾತ್ರವನ್ನು ಆಡಲಿಲ್ಲ, ಡೆಕ್ಸ್‌ಟರ್ ಈ ಪಾತ್ರವನ್ನು ಬರೆಯಲಿಲ್ಲ. ಒಬ್ಬರು 2002ರಲ್ಲಿ, ಇನ್ನೊಬ್ಬರು 2017ರಲ್ಲಿ ಹೋಗಿಬಿಟ್ಟರು. ಕೇಳಿ ಒಪ್ಪಿಗೆ ಪಡೆಯುವಂತೆಯೂ ಇರಲಿಲ್ಲ. ಮೀಸೆಗೆ ಗೊಣಗಿದವರು ಇಷ್ಟು ದೊಡ್ಡ ಬದಲಾವಣೆಗೆ ತಲೆದೂಗಿದರು. ಕೂಡುವ ಲೆಕ್ಕ ಕೂಡಿತಲ್ಲ!

ಅದೇ ಕೊನೆಯ ಕಂತಿನಲ್ಲಿ ಇನ್ನೊಂದು ಸಂಗತಿಗೆ ಜನ ಕನಲಿದರು. ಥರ್ಸ್‌ಡೇಯ ಮಗಳು ಜೋನ್‌ಳನ್ನು ಮೋರ್ಸ್ ವರ್ಷಗಟ್ಟಲೆ ಬಾಯಿಬಿಡದೆ ಪ್ರೀತಿಸುತ್ತಾನೆ. ಅವಳು ಮದುವೆಯಾಗುವುದು ಅವನ ಸಹೋದ್ಯೋಗಿ ಜಿಮ್ ಸ್ಟ್ರೇಂಜ್‌ನನ್ನು. ಮದುವೆಯ ದಿನ ಮೋರ್ಸ್ ಮನಸ್ಸಿನಲ್ಲೇ ಅವಳಿಗೆ ಎಲ್ಲವನ್ನೂ ಹೇಳಿಕೊಳ್ಳುತ್ತಾನೆ, ಮನಸ್ಸಿನಲ್ಲೇ ಅವಳನ್ನು ಮುದ್ದಿಸುತ್ತಾನೆ. ಹೊರಗೆ ಏನೂ ಹೇಳುವುದಿಲ್ಲ. ಇದು ಅನ್ಯಾಯ, ಮೋಸ ಎಂದು ಎಷ್ಟೋ ಜನರ ಕೂಗು. ಇಲ್ಲಿ ನಾನು ರಸೆಲ್ ಲೂಯಿಸ್ ಅವರ ಕಡೆ. ಈ ಒಂದು ಕಡೆ ಅವರು ಯಾರ ಒತ್ತಾಯಕ್ಕೂ ಮಣಿಯಲಿಲ್ಲ. ಹಳೆಯ ಮಾಲೆಯ ಸ್ಟ್ರೇಂಜ್ ಮೋರ್ಸನ ಮೇಲಧಿಕಾರಿ, ಜೇಮ್ಸ್ ಗ್ರೌಟ್ ಅವರು ಆಡಿದ ಪಾತ್ರ. ಅವನಿಗೆ ಮನೆಯಲ್ಲಿ ಹೆಂಡತಿ ಇದ್ದಾಳೆಂಬುದು ಮಾತಿನಲ್ಲಿ ಬಂದುಹೋಗುತ್ತದೆ. 1987ರಲ್ಲಿ ಅವಳು ಯಾರೋ ಒಬ್ಬ ಹೆಂಗಸು. ಈಗ ಹಳೆಯ ಕಂತುಗಳನ್ನು ಹಾಕಿಕೊಂಡು ನೋಡಿ: ಮೇಜಿನ ಆಚೆ ಸ್ಟ್ರೇಂಜ್ ಗದರಿಸುತ್ತಿದ್ದಾನೆ, ಈಚೆ ಮೋರ್ಸ್ ನಿಂತಿದ್ದಾನೆ, ಸಂಜೆಯಾದರೆ ಒಬ್ಬ ಜೋನ್ ಇರುವ ಮನೆಗೆ ಹೋಗುತ್ತಾನೆ, ಇನ್ನೊಬ್ಬ ವಾಗ್ನರನ ತಟ್ಟೆ ಹಾಕಿಕೊಂಡು ಕೂರುತ್ತಾನೆ. ಹಳೆಯ ಕಂತುಗಳ ಒಂದು ಮಾತನ್ನೂ ತಿದ್ದದೆ ಇದನ್ನು ಸಾಧಿಸಿದ್ದಾರೆ. ಇಂಥ ಕೆಲಸ ಬಲ್ಲವರು ಥರ್ಸ್‌ಡೇಯ ವಿಷಯದಲ್ಲಿ ಮಾತ್ರ ಜನರ ಮಾತಿಗೆ ಏಕೆ ಹೆದರಿದರೋ.