ಮಕ್ಕಳ ಪರದೇಶ ಪ್ರಯಾಣ

ತಾಯಿಯೊಬ್ಬಳೇ ಮಗುವನ್ನು ಕರೆದುಕೊಂಡು ಪರದೇಶಕ್ಕೆ ಹೊರಟಾಗ ತಂದೆಯ ಸಮ್ಮತಿಪತ್ರವೂ ಬೇಕೆಂದರೆ, ‘ಹೆತ್ತವಳಿಗೂ ಅಪ್ಪಣೆಯೇ?’ ಎಂದು ಕೆಲವರು ನೊಂದುಕೊಳ್ಳುವರು. ತಂದೆಯೊಬ್ಬನೇ ಹೊರಟರೂ ನಿಯಮವು ಇದೇ ಆದುದರಿಂದ ಈ ನೋವು ಅನಾವಶ್ಯಕವೆಂದು ನಾವು ಭಾವಿಸುತ್ತೇವೆ.

ದಾಂಪತ್ಯವು ಕದಡಿದಾಗ ಒಬ್ಬರು ಇನ್ನೊಬ್ಬರಿಗೆ ತಿಳಿಸದೆ ಮಗುವನ್ನು ದೇಶಾಂತರಕ್ಕೆ ಒಯ್ಯುವುದುಂಟು. ಅಂತಹ ಮಕ್ಕಳನ್ನು ಹಿಂದಿರುಗಿಸಲೆಂದೇ 1980ರಲ್ಲಿ ಹೇಗ್ ನಗರದಲ್ಲಿ ರಾಷ್ಟ್ರಗಳ ಒಡಂಬಡಿಕೆಯೊಂದು ಏರ್ಪಟ್ಟಿತು. ಭಾರತವು ಅದರಲ್ಲಿ ಸೇರಿಲ್ಲ. ಆದಕಾರಣ ನಮ್ಮವರಿಗೆ ಮುಂಜಾಗ್ರತೆಯೇ ಮೇಲು.

ನಿಯಮಗಳು ದೇಶದಿಂದ ದೇಶಕ್ಕೆ ಭಿನ್ನವಾಗಿವೆ. ದಕ್ಷಿಣ ಆಫ್ರಿಕವು 2015ರಲ್ಲಿ ಇಂತಹ ಪತ್ರವನ್ನು ಕಡ್ಡಾಯ ಮಾಡಿ, 2019ರಲ್ಲಿ ವಿದೇಶೀಯ ಮಕ್ಕಳ ಮಟ್ಟಿಗೆ ಸಡಿಲಿಸಿತು. ಕೆನಡದಲ್ಲಿ ಕಾನೂನಿನ ಕಡ್ಡಾಯವಿಲ್ಲ. ಆದರೂ ಗಡಿಯ ಅಧಿಕಾರಿಗಳು ಕೇಳಬಹುದು. ನಮ್ಮಲ್ಲಿ ಮಗುವಿನ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ತಂದೆತಾಯಿಗಳಿಬ್ಬರೂ ಒಪ್ಪಿ ರುಜು ಮಾಡುವರಷ್ಟೆ. ಆ ರುಜುವು ಪ್ರಯಾಣದ ಸಮ್ಮತಿಯಾಗದು.

ಪತ್ರದಲ್ಲಿ ಮಗುವಿನ ಹೆಸರು, ಜನ್ಮದಿನ, ಪಾಸ್‌ಪೋರ್ಟಿನ ಸಂಖ್ಯೆ, ಹೋಗುವ ಸ್ಥಳ, ಹೊರಡುವ ಮತ್ತು ಮರಳುವ ದಿನಗಳು, ಜತೆಗಾರರ ಹೆಸರು, ಉಳಿದವರ ದೂರವಾಣಿ ಇವಿಷ್ಟಿರಲಿ. ನೋಟರಿಯ ಮುಂದೆ ರುಜು ಹಾಕಿ, ಜನನಪತ್ರದ ಪ್ರತಿಯನ್ನೂ ಸೇರಿಸತಕ್ಕದ್ದು. ಅಜ್ಜ ಅಜ್ಜಿಯರೊಡನೆ ಕಳುಹಿಸುವಾಗ ತಂದೆತಾಯಿಗಳಿಬ್ಬರ ರುಜುವೂ ಇರಲಿ.

ಇದು ಅವಿಶ್ವಾಸದ ಗುರುತಲ್ಲ. ಅಪರಿಚಿತರ ಪ್ರಶ್ನೆಗಳಿಗೆ ಮಗುವೇ ಉತ್ತರ ಹೇಳಬೇಕಾಗದಿರಲೆಂದು ಹಿರಿಯರು ಮೊದಲೇ ಬರೆದಿಟ್ಟ ಉತ್ತರವಿದು.