ಕತ್ತಿಗೆ ಮುಂಚಿನ ಬದುಕು

2022ರ ಯುಗಾದಿಯ ಹೊತ್ತಿಗೆ ರಾಜ್ಯದಲ್ಲಿ ಎದ್ದ ಹಲಾಲ್-ಜಟ್ಕಾ ಗದ್ದಲ ಓದುಗರಿಗೆ ನೆನಪಿರಬಹುದು. ಹೊಸತೊಡಕಿನ ಮಾಂಸವನ್ನು ಯಾರ ಅಂಗಡಿಯಲ್ಲಿ ಕೊಳ್ಳಬೇಕೆಂಬುದೇ ಅಲ್ಲಿನ ನಿಜವಾದ ಪ್ರಶ್ನೆ; ಪ್ರಾಣಿದಯೆ ಬರೀ ನೆಪ. ಕೋಳಿಯ ಕೊನೆಯ ಕ್ಷಣದ ನೋವಿಗೆ ಮರುಗಿದವರು ಅದು ಬದುಕಿದ್ದಾಗ ಎಲ್ಲಿತ್ತೆಂದು ಕೇಳಲೇ ಇಲ್ಲ. ಸರಿ, ನಾವಾದರೂ ಕೇಳಿದೆವೆ?

ಮೊಟ್ಟೆಕೋಳಿಯನ್ನೇ ನೋಡೋಣ. ದೇಶದ ದೊಡ್ಡ ಫಾರಂಗಳಲ್ಲಿ ಅದರ ವಾಸ ತಂತಿಯ ಪಂಜರದಲ್ಲಿ. ಒಂದು ಕೋಳಿಯ ಪಾಲಿಗೆ ಎ4 ಹಾಳೆಯಷ್ಟೂ ಜಾಗವಿಲ್ಲ. ರೆಕ್ಕೆ ಬಿಚ್ಚುವಂತಿಲ್ಲ, ಮಣ್ಣಿನಲ್ಲಿ ಹೊರಳುವಂತಿಲ್ಲ, ಮೊಟ್ಟೆಯಿಡಲು ಮರೆಯಿಲ್ಲ. ಒಂದನ್ನೊಂದು ಕುಕ್ಕದಿರಲೆಂದು ಕೊಕ್ಕಿನ ತುದಿಯನ್ನೇ ಕತ್ತರಿಸುತ್ತಾರೆ. ಸುಮಾರು ಒಂದೂವರೆ ವರ್ಷದಲ್ಲಿ ಇಳುವರಿ ಕುಗ್ಗಿದಾಗ ಅದು ಮಾಂಸದಂಗಡಿಗೆ ಬರುತ್ತದೆ. ಈ ತಳಿಯ ಗಂಡುಮರಿಗಳು ಲಾಭಕ್ಕಿಲ್ಲವೆಂದು ಹುಟ್ಟಿದ ದಿನವೇ ಸಾಯುತ್ತವೆ. ಅವುಗಳ ಪಾಲಿಗೆ ಬಿಸ್ಮಿಯೂ ಇಲ್ಲ.

ಕೋಳಿಗೇನು ತಿಳಿಯುತ್ತದೆ ಎನ್ನುವವರಿದ್ದಾರೆ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಮರಿಗಳ ಮೇಲೆ ಗಾಳಿಯೂದಿ ಸಣ್ಣ ಕಿರಿಕಿರಿ ಕೊಟ್ಟು, ನೋಡುತ್ತಿದ್ದ ತಾಯಿಕೋಳಿಯನ್ನು ಗಮನಿಸಿದರು. ಅದರ ಎದೆಬಡಿತ ಏರಿತು, ಗರಿ ತೀಡಿಕೊಳ್ಳುವುದು ಕಡಿಮೆಯಾಯಿತು, ಮರಿಗಳನ್ನು ಕರೆಯತೊಡಗಿತು. ಇದು ಪ್ರಕಟವಾದದ್ದು 2011ರಲ್ಲಿ. ಹಿತ್ತಲಲ್ಲಿ ಹೇಂಟೆ ಸಾಕಿದ ನಮ್ಮ ಅಜ್ಜಿಯರಿಗೆ ಇದು ಸುದ್ದಿಯೇ ಅಲ್ಲ, ಬಿಡಿ. ಮರಿಗಳನ್ನು ಕಳಕೊಂಡು ರೆಕ್ಕೆ ಬಡಿಯುತ್ತಿದ್ದ ಹಕ್ಕಿಯನ್ನು ಕಂಡು, ಅವನ್ನು ಹಿಂದಿರುಗಿಸಿರೆಂದು ಪ್ರವಾದಿ(ಸ) ಹೇಳಿದ ಪ್ರಸಂಗ ಹದೀಸ್‌ನಲ್ಲಿದೆ. ಚೂರಿ ಹರಿತವಾಗಿರಲಿ ಎಂಬ ಬೋಧನೆ ನಮಗೆ ಬಾಯಿಪಾಠ; ಈ ಹಕ್ಕಿ ಮಾತ್ರ ಮರೆತುಹೋಗಿದೆ.

ಮೊಟ್ಟೆ ಬಡಮಕ್ಕಳ ಆಹಾರ. ಬಿಸಿಯೂಟದಲ್ಲಿ ಅದನ್ನು ವಿರೋಧಿಸಿದವರ ಜೊತೆ ನಾವಿಲ್ಲ. ಆದರೆ ಮೊಟ್ಟೆಗೆ ಈ ಪಂಜರವೇ ಬೇಕೆ? ಯುರೋಪಿಯನ್ ಒಕ್ಕೂಟ 2012ರಿಂದ ಬರೀ ತಂತಿಯ ಪಂಜರಗಳನ್ನು ನಿಷೇಧಿಸಿದೆ. ಅಲ್ಲಿನವರೇನೂ ಮೊಟ್ಟೆ ತಿನ್ನುವುದನ್ನು ಬಿಟ್ಟಿಲ್ಲ. ನಮ್ಮ ಕಾನೂನು ಆಯೋಗವೂ 2017ರಲ್ಲಿ ತನ್ನ 269ನೇ ವರದಿಯೊಂದಿಗೆ ಕೋಳಿ ಸಾಕಣೆಯ ನಿಯಮಗಳ ಕರಡನ್ನು ಸರಕಾರಕ್ಕೆ ಕೊಟ್ಟಿತು.

ಸರಕಾರದ ಮಾತು ಹಾಗಿರಲಿ. ಹಲಾಲ್ ಪ್ರಮಾಣಪತ್ರ ಕೊಡುವವರು ಕೊಯ್ಯುವ ಜಾಗವನ್ನಷ್ಟೇ ನೋಡಿದರೆ ಸಾಲದು, ಸಾಕುವ ಶೆಡ್ಡಿಗೂ ಹೋಗಲಿ. ಪಂಜರದ ಅಳತೆ ಕೇಳಲಿ, ಗಂಡುಮರಿಗಳು ಏನಾದವೆಂದು ಕೇಳಲಿ. ಉತ್ತರ ಸಿಗುವವರೆಗೆ ಮುದ್ರೆ ಒತ್ತದಿರಲಿ. ಇನ್ನು ಕೋಳಿಗಳ ಕಾಲು ಕಟ್ಟಿ ತಲೆಕೆಳಗಾಗಿ ಸ್ಕೂಟರಿಗೆ ನೇತುಹಾಕುವುದನ್ನು ನಮ್ಮ ಅಂಗಡಿಯವರು ನಾಳೆಯಿಂದಲೇ ನಿಲ್ಲಿಸಬಹುದು. ಅದಕ್ಕೆ ಯಾವ ಆಯೋಗದ ವರದಿಯೂ ಬೇಕಿಲ್ಲ.