ವಾರಾನ್ನದ ಹೆಮ್ಮೆ ಯಾರದು?

ಹೊರದೇಶಕ್ಕೆ ಓದಲು ಹೋಗಿ ಅಲ್ಲಿಯವರ ಮನೆಯಲ್ಲೇ ಒಂದು ವರ್ಷ ಇದ್ದು ಬಂದ ನಮ್ಮ ಹುಡುಗ ಹುಡುಗಿಯರ ಮಾತು ಬಂದರೆ ಸಾಕು, ಯಾರಾದರೊಬ್ಬ ಹಿರಿಯರು ಶುರು ಮಾಡುತ್ತಾರೆ: "ಇದೇನ್ ದೊಡ್ಡ ಸುದ್ದಿರೀ? ನಮ್ಮಲ್ಲೆ ವಾರಾನ್ನ ಇರಲಿಲ್ಲೇನು? ಧಾರವಾಡದಾಗ ವಾರದ ಮನಿ ಉಂಡು ಎಷ್ಟ್ ಮಂದಿ ದೊಡ್ಡವರಾಗ್ಯಾರ, ಲೆಕ್ಕ ಅದ ಏನು?" ಸುತ್ತ ಕೂತವರು ಗೋಣು ಹಾಕುತ್ತಾರೆ. ಆಮೇಲೆ ಅತಿಥಿ ದೇವೋ ಭವ, ನಮ್ಮ ಸಂಸ್ಕೃತಿ, ಪಾಶ್ಚಾತ್ಯರ ಸ್ವಾರ್ಥ... ಮುಂದಿನದು ನಿಮಗೆಲ್ಲ ಗೊತ್ತೇ ಇದೆ. ಬ್ಲಾಗು ಬರೆಯುವ ನಾವೂ ಇದರಲ್ಲಿ ಕಮ್ಮಿ ಏನಲ್ಲ ಬಿಡಿ :)

ನನಗೆ ಮಾತ್ರ ಈ ಮಾತು ಕೇಳಿದಾಗಲೆಲ್ಲ ಮೈ ಉರೀತದೆ.

ವಾರಾನ್ನ ಅಂದರೇನು ಅಂತ ಗೊತ್ತಿಲ್ಲದ ಚಿಕ್ಕವರಿಗೆ ಹೇಳಿಬಿಡ್ತೀನಿ. ಹಳ್ಳಿಯ ಬಡ ಹುಡುಗ ಪೇಟೆಗೆ ಓದಲು ಬರುತ್ತಿದ್ದ. ಏಳು ಮನೆಗೆ ಹೋಗಿ ವಾರಕ್ಕೊಂದು ದಿನದ ಊಟ ಕೇಳಿಕೊಳ್ಳುತ್ತಿದ್ದ. ಸೋಮವಾರ ವಕೀಲರ ಮನೆ, ಮಂಗಳವಾರ ಮಾಸ್ತರರ ಮನೆ, ಹೀಗೆ. ಏಳೂ ಸಿಕ್ಕರೆ ಪುಣ್ಯ. ಬುಧವಾರದ ಮನೆ ಸಿಗಲಿಲ್ಲವೋ, ಬುಧವಾರ ನೀರು ಕುಡಿದು ಮಲಗಬೇಕು. ಸೋಮವಾರದ ಮನೆಯಲ್ಲಿ ಸೂತಕ ಬಂತೋ, ಸೋಮವಾರವೂ ಹೋಯಿತು. ಉಂಡ ಋಣಕ್ಕೆ ನೀರು ಸೇದಬೇಕು, ಪೂಜೆಗೆ ಹೂವು ತರಬೇಕು, ಆ ಮನೆಯ ಸಣ್ಣ ಹುಡುಗರಿಗೆ ಲೆಕ್ಕ ಹೇಳಿಕೊಡಬೇಕು. ಎರಡನೇ ಸಲ ಸಾರು ಕೇಳುವ ಧೈರ್ಯ ಎಷ್ಟು ಹುಡುಗರಿಗೆ ಇತ್ತೋ! ಬಡಿಸಿದ ತಾಯಂದಿರ ಬಗ್ಗೆ ನನ್ನದೇನೂ ತಕರಾರಿಲ್ಲ. ತಮ್ಮ ಮನೆಯಲ್ಲೇ ಎಂಟು ಬಾಯಿ ಇದ್ದರೂ ಒಂಬತ್ತನೇ ಎಲೆ ಹಾಕಿ, ಕಡೆಗೆ ಉಳಿದದ್ದರಲ್ಲಿ ತಾವು ಉಂಡವರು ಅವರು. ಅವರ ಕೈ ದೊಡ್ಡದು.

ಆದರೆ ಗೆಳೆಯರೇ, ಆ ಒಂಬತ್ತನೇ ಎಲೆಯ ಮುಂದೆ ಕೂತವನು ಯಾರು?

ಬ್ರಾಹ್ಮಣರ ಹುಡುಗ ಬ್ರಾಹ್ಮಣರ ಮನೆಯಲ್ಲಿ ಉಂಡ. ಮಠದ ಜಂಗಮ ವಟು ಜೋಳಿಗೆ ಹಾಕಿಕೊಂಡು ಲಿಂಗಾಯತರ ಮನೆಗಳಲ್ಲಿ ಕಂತಿಭಿಕ್ಷೆ ಎತ್ತಿದ. ಸರಿ. ನವಲಗುಂದದ ಕುರುಬರ ಹುಡುಗನಿಗೆ ಯಾವ ವಾರ? ಅಣ್ಣಿಗೇರಿಯ ಮುಸಲ್ಮಾನರ ಹುಡುಗನಿಗೆ ಯಾವ ಮನೆ? ಕಲಘಟಗಿ ಕಡೆಯ ಮಾದರ ಹುಡುಗ ಪುಸ್ತಕ ಹಿಡಿದು ಯಾರ ಕಟ್ಟೆ ಹತ್ತಿ "ಅವ್ವಾರ, ನನಗೊಂದು ವಾರ ಕೊಡ್ರಿ" ಅನ್ನಬೇಕಿತ್ತು? ಕಟ್ಟೆ ಹತ್ತೋದು ದೂರ ಉಳೀತು, ಓಣಿಯೊಳಗೆ ಕಾಲಿಡೋಕೆ ಬಿಡುತ್ತಿದ್ದರೇ? ತನ್ನ ಜಾತಿಯ ಹುಡುಗನಿಗೆ ತಾನು ಅನ್ನ ಹಾಕಿದ್ದು ಒಳ್ಳೆಯದೇ. ಅದನ್ನು ಗುರುತಿಲ್ಲದ ಮನುಷ್ಯನಿಗೆ ಬಾಗಿಲು ತೆರೆಯುವುದರ ಜೊತೆ ಒಂದೇ ತಕ್ಕಡಿಯಲ್ಲಿ ಯಾಕೆ ತೂಗುತ್ತೀರಿ?

ಕುಂದಗೋಳದ ಮಾತು ಬರಲಿ. ಬರದೇ ಇರುತ್ತದೆಯೇ! ಸವಾಯಿ ಗಂಧರ್ವರ ಮನೆ. ಗದುಗಿನ ಭೀಮಸೇನ ಜೋಶಿ 1936ರ ಹೊತ್ತಿಗೆ ಅಲ್ಲಿ ಸೇರಿದರು, ನಾಲ್ಕೈದು ವರ್ಷ ಗುರುಗಳ ಮನೆಯಲ್ಲೇ ಇದ್ದರು, ದೂರದಿಂದ ನೀರು ಹೊತ್ತರು, ಕೆಲಸ ಮಾಡಿದರು, ಹಾಡು ಕಲಿತರು. ಈ ಕಥೆಯನ್ನು ನಾವೆಲ್ಲ ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತೇವೆ. ಅದೇ ಗುರುಗಳ ಬಳಿ ಅದೇ ಕಾಲಕ್ಕೆ ಕಲಿತ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದರು. ಹುಬ್ಬಳ್ಳಿಯಲ್ಲಿ ಸಂಸಾರ, ಮಕ್ಕಳು. ಗುರುವಿನ ಮನೆಯಲ್ಲಿ ಉಳಿದು ಕಲಿಯುವ ಭಾಗ್ಯ ಸಂಸಾರವಂದಿಗಳಿಗೆ ಎಲ್ಲಿಂದ ಬರಬೇಕು? ಒಳ್ಳೇ ಗುರುವಿನ ಮನೆಯೂ ಎಲ್ಲರಿಗೂ ಒಂದೇ ಥರ ದಕ್ಕುವುದಿಲ್ಲ ಅಂತ ಇಷ್ಟರಿಂದಲೇ ಗೊತ್ತಾಗುತ್ತದೆ. ಇದೇ ಗಂಗೂಬಾಯಿ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತ ಗೀತೆ ಹಾಡಿದ ಹುಡುಗಿ. ಹಾಡಿನ ಭಯಕ್ಕಿಂತ ಊಟದ ಹೊತ್ತಿನ ಭಯವೇ ಆಕೆಯನ್ನು ಕಾಡಿತ್ತು. ಎಂಜಲೆಲೆ ಎತ್ತಲು ಹೇಳಿಬಿಟ್ಟಾರು ಅಂತ ಹೆದರಿದ್ದನ್ನು ಮುಂದೆ ಅವರೇ ನೆನೆಸಿಕೊಂಡಿದ್ದಾರೆ. ಹನ್ನೊಂದು ವರ್ಷದ ಹುಡುಗಿ! ಸ್ವಾತಂತ್ರ್ಯಕ್ಕೆ ಹೋರಾಡುವವರ ಪಂಕ್ತಿಯ ಬಗ್ಗೆಯೇ ಆಕೆಗೆ ಆ ಹೆದರಿಕೆ ಇತ್ತು ಅಂದರೆ, ಊರೊಳಗಿನ ಪಂಕ್ತಿಯ ಮಾತು ಏನು ಹೇಳೋಣ?

ಇನ್ನು ಹೊರದೇಶದಲ್ಲಿ ಓದಿ ಬಂದ ಇನ್ನೊಬ್ಬರ ವಿಷಯ. ಅಂಬೇಡ್ಕರರು 1913ರಿಂದ ಮೂರು ವರ್ಷ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದರು, ಆಮೇಲೆ ಲಂಡನ್ನಿಗೆ ಹೋದರು. ಅಲ್ಲಿದ್ದಾಗ ತಾನು ಅಸ್ಪೃಶ್ಯ ಅನ್ನೋದೇ ಮನಸ್ಸಿನಿಂದ ಅಳಿಸಿಹೋಗಿತ್ತು ಅಂತ ಅವರೇ ಬರೆದಿದ್ದಾರೆ. 1917ರಲ್ಲಿ ಬರೋಡಾದಲ್ಲಿ ನೌಕರಿಗೆ ಬಂದರೆ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು, ಸ್ವಲ್ಪ ದಿನಕ್ಕೆ ಬಡಿಗೆ ಹಿಡಿದ ಮಂದಿ ಬಂದು ಹೊರಗೆ ಹಾಕಿದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರಿಶ್ಚಿಯನ್ ಗೆಳೆಯ, ಇಬ್ಬರೂ ಒಂದೊಂದು ನೆಪ ಹೇಳಿದರು. ರಾತ್ರಿ ರೈಲಿನ ತನಕ ಐದು ತಾಸು ಸಾರ್ವಜನಿಕ ತೋಟದಲ್ಲಿ ಕೂತು ಮುಂಬಯಿಗೆ ವಾಪಸು ಹೋದರು. ಮಹಾರಾಜರ ಸ್ಕಾಲರ್‌ಶಿಪ್ಪಿನಲ್ಲಿ ಓದಿ, ಮಹಾರಾಜರ ಕಚೇರಿಗೇ ಕೆಲಸಕ್ಕೆ ಬಂದ ಮನುಷ್ಯ!

ಆ ಮನುಷ್ಯ ನಮ್ಮ ಧಾರವಾಡಕ್ಕೆ ಕೊಟ್ಟದ್ದು ಏನು ಗೊತ್ತೇ? 1929ರಲ್ಲಿ ದಲಿತ ಹುಡುಗರಿಗಾಗಿ ಒಂದು ವಸತಿ ನಿಲಯ. ಮುಂದೆ ಬುದ್ಧರಕ್ಕಿತ ವಸತಿ ಶಾಲೆ ಅಂತ ಹೆಸರಾದದ್ದು ಅದೇ. ವಾರಾನ್ನದ ಊರಲ್ಲಿ ಅದರ ಅಗತ್ಯ ಯಾಕೆ ಬಿತ್ತು ಅಂತ ಒಮ್ಮೆ ಕೇಳಿಕೊಳ್ಳಿ. ಮುರುಘಾಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿ ಹುಡುಗರು ಎಷ್ಟೋ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕುರುಡು ಮಕ್ಕಳನ್ನು ಕೂಡಿಸಿಕೊಂಡು ಅನ್ನ ಹಾಕಿ ಸಂಗೀತ ಕಲಿಸಿದರು. ಹೆಮ್ಮೆ ಪಡಲೇಬೇಕು ಅಂತಿದ್ದರೆ ಇವುಗಳ ಬಗ್ಗೆ ಪಡಿ. ಮನೆಗಳು ಬಾಗಿಲು ಹಾಕಿಕೊಂಡದ್ದಕ್ಕೇ ಹುಟ್ಟಿಕೊಂಡ ಜಾಗಗಳು ಇವುಗಳಲ್ಲಿ ಇವೆ.

"ಅದೆಲ್ಲಾ ಹಳೇ ಕಾಲದ್ದು" ಅಂತೀರಾ? ಸಪ್ತಾಪುರಕ್ಕೆ ಬನ್ನಿ. ಪಿಎಸ್‌ಐ, ಕೆಎಎಸ್ ಅಂತ ಕೋಚಿಂಗಿಗೆ ಬಂದ ಹಳ್ಳಿ ಹುಡುಗರು ರೂಮು ಹುಡುಕುವ ಜಾಗ. ಕುಂದಗೋಳ ತಾಲೂಕಿನ ಒಬ್ಬ ಹುಡುಗನ ಜೋಡಿ ಹೋದ ವರ್ಷ ನಾನೂ ಒಂದು ಮಧ್ಯಾಹ್ನ ತಿರುಗಿದೆ. ಗೇಟಿಗೆ "ರೂಮು ಬಾಡಿಗೆಗಿದೆ" ಅಂತ ಬೋರ್ಡು. ಮನೆಯ ಅಜ್ಜಿ ಬಹಳ ಪ್ರೀತಿಯಿಂದ ನೀರು ಕೊಟ್ಟರು. "ಯಾರ ಪೈಕಿ ತಮ್ಮಾ ನೀ?" ಅಂತ ಕೇಳಿದರು. ಹುಡುಗ ಊರ ಹೆಸರು ಹೇಳಿದ. "ಊರಲ್ಲೋ, ಅಡ್ಡಹೆಸರೇನು?" ಹೇಳಿದ. "ಅಯ್ಯ, ನಿನ್ನೇರ ಒಬ್ರು ಅಡ್ವಾನ್ಸ್ ಕೊಟ್ಟ್ ಹೋಗ್ಯಾರವಾ..." ಬೋರ್ಡು ಮರುದಿನವೂ ಅಲ್ಲೇ ಇತ್ತು. ನಾನು ನೋಡಿ ಬಂದಿದ್ದೇನೆ. ಹುಡುಗನಿಗೆ ಸಿಟ್ಟು ಬರಲಿಲ್ಲ, ಅದು ನಾಲ್ಕನೇ ಮನೆ. ಅವನು ಈಗ ದಿನಾ ಬಸ್ಸಿನಲ್ಲಿ ಓಡಾಡುತ್ತಾನೆ. ರೂಮು ಸಿಕ್ಕ ಹುಡುಗರಿಗೆ ಊರಿನಿಂದ ಅವ್ವ ಕಟ್ಟಿದ ರೊಟ್ಟಿ ಬುತ್ತಿ ಬಸ್ಸಿನಲ್ಲಿ ಬರುತ್ತದೆ. ಇವನು ತಾನೇ ಬುತ್ತಿಯ ಹಾಗೆ ಹೋಗಿ ಬರುತ್ತಾನೆ.

ಕಾಯ್ದೆ ಇಲ್ಲವೇ? ಇದೆ. ಅಸ್ಪೃಶ್ಯತೆಯ ಕಾರಣಕ್ಕೆ ಮನೆಯಲ್ಲಿ ವಾಸಿಸಲು ಅಡ್ಡಿ ಮಾಡುವುದು 1955ರ ಕಾಯ್ದೆಯ ಪ್ರಕಾರವೇ ಅಪರಾಧ. ಆದರೆ ಜಾತಿ ಅಂತ ಯಾರು ಬಾಯಿ ಬಿಟ್ಟು ಹೇಳುತ್ತಾರೆ? "ವೆಜ್ ಇದ್ದವರಿಗೆ ಅಷ್ಟರೀ." "ಫ್ಯಾಮಿಲಿಗೆ ಅಷ್ಟರೀ." "ನಮ್ಮ ಮಗಾ ಬರ್ತಾನ ಬೆಂಗಳೂರಿನಿಂದ."

ಬಿಳಿಯರು ದೇವರು ಅಂತ ನಾನು ಹೇಳುತ್ತಿಲ್ಲ, ಮೈಮೇಲೆ ಬರಬೇಡಿ. ಲಂಡನ್ನಿನಲ್ಲಿ ಕಪ್ಪು ಜನರಿಗೆ ರೂಮು ಕೊಡದ ಕಾಲ ಇತ್ತು. ಮನೆ ಕೊಡುವಾಗ ಬಣ್ಣ ನೋಡಬಾರದು ಅಂತ ಬ್ರಿಟನ್ನಿನಲ್ಲಿ ಕಾಯ್ದೆ ಬಂದದ್ದು 1968ರಲ್ಲಿ. ಅಮೆರಿಕದಲ್ಲೂ ಅದೇ ವರ್ಷ. ಈಗಲೂ ಎಷ್ಟೋ ಕಡೆ ಇಂಥ ಮನೆಗಳು ತಿಂಗಳಿಗಿಷ್ಟು ಅಂತ ದುಡ್ಡು ಎಣಿಸಿಕೊಂಡೇ ಇಟ್ಟುಕೊಳ್ಳುತ್ತವೆ. ಇರಲಿ. ಆದರೂ ನಮ್ಮ ಹುಡುಗಿ ಅಲ್ಲಿಗೆ ಹೋದ ದಿನ ಆ ಮನೆಯಾಕೆ ಕೈಗೆ ಕೀಲಿಕೈ ಕೊಟ್ಟು, ಅಡಿಗೆಮನೆ ತೋರಿಸಿ, ಏನು ತಿನ್ನುತ್ತೀ ಅಂತ ಕೇಳಿದಳಂತೆ. ನಮ್ಮಲ್ಲೂ ಅದನ್ನೇ ಕೇಳುತ್ತಾರೆ, ಹೊರಗೆ ಹಾಕಲಿಕ್ಕೆ.

ಹುಬ್ಬಳ್ಳಿ-ಧಾರವಾಡದಲ್ಲಿ ಮಾಳಿಗೆ ಮೇಲೆ ಒಂದು ರೂಮು ಖಾಲಿ ಇಟ್ಟುಕೊಂಡವರು ನಮ್ಮ ಓದುಗರಲ್ಲೇ ಹತ್ತಾರು ಮಂದಿ ಇದ್ದೀರಿ. ವಾರಾನ್ನದ ಮೇಲೆ ಇನ್ನೊಂದು ಲೇಖನ ಬೇಡ. ಕಾಲೇಜು ಶುರುವಾಗುವ ಹೊತ್ತಿಗೆ ನವಲಗುಂದದಿಂದಲೋ ಕಲಘಟಗಿಯಿಂದಲೋ ಒಬ್ಬ ಹುಡುಗ ಬಂದು ಬಾಗಿಲು ಬಡೀತಾನೆ. ಬಾಡಿಗೆ ಎಷ್ಟು, ನೀರು ಎಷ್ಟು ದಿನಕ್ಕೊಮ್ಮೆ ಬರ್ತದೆ, ಅಷ್ಟು ಹೇಳಿ. ಅಡ್ಡಹೆಸರು ಕೇಳಬೇಡಿ.